ಕಡಲಸೌತೆಯ ಕುರುಹು

ಕಡಲಸೌತೆ ಎಂಬ ಹೆಸರನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕೇಳಿರಲಾರರು. ಕೇಳಿದೊಡನೆ ಅದನ್ನು ಕಾಯಿಪಲ್ಯಗಳ ಸಾಲಿಗೆ ಸೇರಿಸುವವರೇ ಹೆಚ್ಚು. ನಮ್ಮ ಮನೆಯವರು ಆ ಹೆಸರು ಕಿವಿಗೆ ಬಿದ್ದ ಮೊದಲ ದಿನ, "ಅದಕ್ಕೆ ಹುಳಿ ಒಗ್ಗುವುದೋ, ಮಜ್ಜಿಗೆಹುಳಿ ಒಗ್ಗುವುದೋ?" ಎಂದು ಕೇಳಿದರು. ಅದು ಕಾಯಿಯಲ್ಲ, ಪ್ರಾಣಿ. ಸಮುದ್ರದ ತಳದ ಮರಳಿನ ಮೇಲೆ ಮಗ್ಗುಲಾಗಿ ಬಿದ್ದುಕೊಂಡು, ಬಾಯಿಯ ಸುತ್ತಲಿನ ಮೀಸೆಯಂತಹ ಅಂಗಗಳಿಂದ ಕೆಸರನ್ನು ಬಾಚಿ ನುಂಗಿ, ಅದರ ಸಾರವನ್ನು ಹೀರಿ, ಮರಳನ್ನು ಹಿಂದಕ್ಕೆ ಬಿಡುತ್ತ ಕಾಲಕಳೆಯುವ, ತೊಗಲಿನ ಚೀಲದಂತಹ ಜೀವವಿದು. ಶತ್ರುವು ಮೇಲೆ ಬಿದ್ದರೆ ಕೆಲವು ಜಾತಿಯವು ತಮ್ಮ ಕರುಳನ್ನೇ ಹೊರಕ್ಕೆ ಕಕ್ಕಿ ತಪ್ಪಿಸಿಕೊಂಡು, ಬಳಿಕ ಹೊಸ ಕರುಳನ್ನು ಬೆಳೆಸಿಕೊಳ್ಳುವುವು. ನಕ್ಷತ್ರಮೀನಿನೊಡನೆ ಇದನ್ನು ಕಂಟಕಚರ್ಮಿಗಳೆಂಬ ವಂಶಕ್ಕೆ ಸೇರಿಸಿರುವರು. ಮೈಮೇಲೆ ಹೇಳಿಕೊಳ್ಳುವಂತಹ ಮುಳ್ಳೊಂದೂ ಇಲ್ಲದ ಪ್ರಾಣಿಗೆ ಕಂಟಕಚರ್ಮಿಯೆಂಬ ಹೆಸರು, ಮಜ್ಜಿಗೆಗೆ ಗತಿಯಿಲ್ಲದವನಿಗೆ ಕ್ಷೀರಸಾಗರಭಟ್ಟನೆಂಬ ಹೆಸರಿದ್ದಂತೆಯೇ ಸರಿ.

ಈ ಜೀವದ ವಿಚಾರವು ಘಟ್ಟ ಹತ್ತಿ ನಮ್ಮ ಕಾರ್ಗಲ್ಲಿಗೆ ಬಂದುದು, ಕಾರವಾರದಲ್ಲಿ ಕಡಲಜೀವಶಾಸ್ತ್ರವನ್ನು ಓದಿದ ನಮ್ಮ ಹಳೆಯ ಶಿಷ್ಯನೊಬ್ಬನ ಮೂಲಕ. ಸಂಸ್ಕೃತದಲ್ಲಿ ಅವನು ಶಬ್ದರೂಪಗಳನ್ನು ಬಾಯಿಪಾಠ ಮಾಡಿದುದಕ್ಕಿಂತ ಮರೆತುದೇ ಹೆಚ್ಚು. ಆದರೂ ಊರಿಗೆ ಬಂದಾಗಲೆಲ್ಲ ನಮ್ಮನ್ನು ಕಂಡು ಹೋಗುವ ಸೌಜನ್ಯವುಳ್ಳವನು. ಒಂದು ಮಳೆಗಾಲ ಅವನು ಒಂದು ಸೂಕ್ಷ್ಮದರ್ಶಕವನ್ನೂ ತನ್ನ ವಿದ್ಯಾಲಯದ ಹಳೆಯ ಗಾಜಿನ ಪಟ್ಟಿಗಳೆರಡನ್ನೂ ತಂದು, "ಮೇಷ್ಟ್ರೇ, ಒಂದು ಕಣ್ಣು ಮುಚ್ಚಿ ನೋಡಿ" ಎಂದನು. ಕಡಲಸೌತೆಯ ಚರ್ಮದ ಚೂರನ್ನು ಬಟ್ಟೆ ಬಿಳುಪಾಗಿಸುವ ದ್ರಾವಣದಲ್ಲಿ ಹಾಕಿದರೆ ತೊಗಲೆಲ್ಲ ಕರಗಿ, ತಳದಲ್ಲಿ ಚಿಟಿಕೆಯಷ್ಟು ಬಿಳಿಯ ಧೂಳು ನಿಲ್ಲುವುದಂತೆ. ಗಾಜಿನ ಮೇಲಿದ್ದುದು ಆ ಧೂಳು. ಆದರೆ ಕಣ್ಣಿಗೆ ಕಂಡುದು ಧೂಳಲ್ಲ. ಒಂದು ಪಟ್ಟಿಯಲ್ಲಿ ರಥದ ಗಾಲಿಗಳು ಚೆಲ್ಲಾಡಿದ್ದುವು; ನಾಭಿ, ನೇಮಿ, ನಡುವೆ ಆರು ಅರಗಳು, ಯಾವ ಕಮ್ಮಾರನೂ ಅಷ್ಟು ನಯವಾಗಿ ಮಾಡಲಾರನು. ಇನ್ನೊಂದರಲ್ಲಿ ಹಡಗಿನ ಲಂಗರುಗಳು, ಒಂದೊಂದು ಲಂಗರಿಗೂ ಒಂದೊಂದು ತೂತುತೂತಾದ ತಗಡು. ಮತ್ತೆ ಕೆಲವು ಜಾತಿಗಳಲ್ಲಿ ಅಂಗಿಯ ಗುಂಡಿಗಳಂತಹವೂ, ಪುಟ್ಟ ಮಣೆಗಳಂತಹವೂ, ಕೊಕ್ಕೆಗಳಂತಹವೂ ಇರುವುವೆಂದು ಅವನು ಹೇಳಿದನು. ಇವೆಲ್ಲ ಸುಣ್ಣದ ಹರಳುಗಳು. ಬಹುಪಾಲು ಒಂದು ಮಿಲಿಮೀಟರಿನ ಸಣ್ಣ ಅಂಶದಷ್ಟು ಮಾತ್ರ. ಇವನ್ನು ಸ್ಕ್ಲೆರೈಟ್ ಎನ್ನುವರು. ನಾವು ಅಸ್ಥಿಕಣವೆಂದು ಕರೆಯೋಣ. ಗಂಟಲಿನ ಸುತ್ತಲಿನ ಒಂದು ಸುಣ್ಣದ ಬಳೆಯನ್ನು ಬಿಟ್ಟರೆ, ಕಡಲಸೌತೆಯ ಮೈಯಲ್ಲಿ ಗಟ್ಟಿಯಾದುದೆಂಬುದು ಇಷ್ಟೇ. ಅದು ಸತ್ತರೆ ತೊಗಲು ಕೊಳೆತು, ಈ ಕಣಗಳು ಚೆದರಿ ಕಡಲ ತಳದ ಕೆಸರಿನಲ್ಲಿ ಬೆರೆತುಹೋಗುವುವು. ಕೋಟ್ಯಂತರ ವರ್ಷಗಳ ಹಿಂದೆ ಇದ್ದು ಅಳಿದುಹೋದ ಕಡಲಸೌತೆಗಳ ವಿಚಾರವಾಗಿ ನಮಗೆ ದೊರೆತಿರುವ ಕುರುಹು ಬಹುಮಟ್ಟಿಗೆ ಈ ಧೂಳೊಂದೇ.

ಆ ದಿನ ನಮಗೆ ಸಹಜವಾಗಿ ಹುಟ್ಟಿದ ಪ್ರಶ್ನೆಯೆಂದರೆ, ನಮ್ಮ ಊರ ಕಲ್ಲಿನಲ್ಲಿ ಇದು ಸಿಕ್ಕೀತೇ ಎಂಬುದು. ಕಾರ್ಗಲ್ಲೆಂದರೆ ಹೆಸರಿನಲ್ಲಿಯೇ ಕಲ್ಲನ್ನುಳ್ಳ ಊರು. ಕಾರ್ ಎಂದರೆ ಕಪ್ಪು. ಕಲ್ಲಿನ ಕಕಾರಕ್ಕೆ ಗಕಾರವು ಆದೇಶವಾಗಿ ಕಾರ್ಗಲ್ ಆಯಿತೆಂದು ಎಷ್ಟೋ ತಂಡ ಮಕ್ಕಳಿಗೆ ನಾವು ಸಂಧಿಪಾಠದಲ್ಲಿ ಹೇಳಿಕೊಟ್ಟಿರುವೆವು. ಶಿಷ್ಯನು ನಕ್ಕು ತಲೆಯಾಡಿಸಿದನು. ಜೋಗದಲ್ಲಿ ಶರಾವತಿಯು ೮೩೦ ಅಡಿ ಕೆಳಕ್ಕೆ ಧುಮುಕುವ ಈ ಸೀಮೆಯ ಬುಡದ ಶಿಲೆಗೆ ಸುಮಾರು ೩೦೦ ಕೋಟಿ ವರ್ಷಗಳ ವಯಸ್ಸು. ಪ್ರಾಣಿಯೆಂಬುದು ಭೂಮಿಯ ಮೇಲೆ ಕಂಡುಬಂದು ಇನ್ನೂ ೬೦ ಕೋಟಿ ವರ್ಷಗಳ ಆಸುಪಾಸು. ಅದಲ್ಲದೆ ನಮ್ಮ ಕಲ್ಲು ಭೂಗರ್ಭದ ಕಾವಿನಲ್ಲಿ ಬೆಂದು, ಮಡಿಚಿ, ಹಿಂಡಿಸಿಕೊಂಡದ್ದು. ಅದರಲ್ಲಿ ಜೀವದ ಗುರುತು ಉಳಿಯುವ ಮಾತೇ ಇಲ್ಲ. ಶಿವಮೊಗ್ಗ, ಚಿತ್ರದುರ್ಗಗಳ ಶಿಲಾಪಟ್ಟಿಗಳಲ್ಲಿಯೂ ತುಮಕೂರು ಸೀಮೆಯ ದೊಡ್ಡಗುಣಿಯಲ್ಲಿಯೂ ಸುಮಾರು ೨೬೦ ಕೋಟಿ ವರ್ಷಗಳಷ್ಟು ಹಳೆಯ ಸುಣ್ಣದ ಶಿಲೆಗಳುಂಟು. ಅವುಗಳಲ್ಲಿ ಪದರಪದರವಾಗಿ, ಕೋಸಿನ ಗಡ್ಡೆಯನ್ನು ಕೊಯ್ದಂತೆ ಕಾಣುವ ಆಕೃತಿಗಳು ದೊರೆತಿರುವುವು. ಅವು ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ಕಡಲಿನಲ್ಲಿ ಹಾಸುಹಾಸಾಗಿ ಬೆಳೆದುದರ ಗುರುತು. ಆದುದರಿಂದ ನಮ್ಮ ನಾಡಿನಲ್ಲಿ ಕಡಲು ಇದ್ದಿತು, ಕಡಲಸೌತೆಯು ಇರಲಿಲ್ಲ.

ಇಲ್ಲಿ ನಮ್ಮ ಹಳೆಯ ಮೀಮಾಂಸಕರ ಮಾತೊಂದು ನೆನಪಿಗೆ ಬಾರದಿರದು. ಕುಮಾರಿಲಭಟ್ಟರ ಮತದವರು ಪ್ರಮಾಣಗಳನ್ನು ಎಣಿಸುವಾಗ ಆರನೆಯದಾಗಿ ಅನುಪಲಬ್ಧಿಯನ್ನು ಹೇಳುವರು. ಕಾಣದಿರುವುದೇ ಇಲ್ಲವೆಂಬುದಕ್ಕೆ ಪ್ರಮಾಣ. ನೆಲದ ಮೇಲೆ ಗಡಿಗೆ ಕಾಣಿಸದಿದ್ದರೆ ಗಡಿಗೆ ಇಲ್ಲವೆಂದು ತಿಳಿಯುವೆವು. ಆದರೆ ಅವರು ಇದಕ್ಕೊಂದು ಕಟ್ಟುಪಾಡನ್ನು ಹಾಕಿರುವರು: ಆ ವಸ್ತು ಇದ್ದಿದ್ದರೆ ಕಾಣುವುದಕ್ಕೆ ಯೋಗ್ಯವಾಗಿರಬೇಕು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದುದು ಗಡಿಗೆಯಿಲ್ಲವೆಂಬುದಕ್ಕೆ ಪ್ರಮಾಣವಲ್ಲ. ಪಿಶಾಚಿಯು ಸ್ವಭಾವದಿಂದಲೇ ಕಾಣದ್ದಾದುದರಿಂದ, ಕಾಣಲಿಲ್ಲವೆಂದು ಅದನ್ನು ಇಲ್ಲವೆನ್ನುವುದಕ್ಕೂ ಬರುವುದಿಲ್ಲ. ಕಾರ್ಗಲ್ಲಿನ ಶಿಲೆಯಲ್ಲಿ ಕಡಲಸೌತೆ ಇಲ್ಲವೆಂದು ನಾವು ಹೇಳಬಹುದು. ಏಕೆಂದರೆ ಕಾಲದ ಲೆಕ್ಕವು ಬೇರೆಯಾಗಿಯೇ ಅದನ್ನು ಸಿದ್ಧಪಡಿಸುತ್ತದೆ. ಆದರೆ ಪ್ರಾಣಿಗಳಿದ್ದ ಕಾಲದ ಕಡಲಶಿಲೆಯಲ್ಲಿ ಅದರ ರೂಪವು ಕಾಣದೆಹೋದರೆ, ಅಲ್ಲಿ ಅದು ಇರಲಿಲ್ಲವೆಂದು ಹೇಳಲು ಬಾಯಿ ಬರಬಾರದು. ಅದು ಉಳಿಯುವುದಕ್ಕೆ ಯೋಗ್ಯವಾದ ಮೈಯೇ ಅಲ್ಲ.

ನಮ್ಮ ದೇವರಪೆಟ್ಟಿಗೆಯಲ್ಲಿರುವ ಸಾಲಿಗ್ರಾಮವನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ ಭೇದವು ಚೆನ್ನಾಗಿ ತಿಳಿಯುವುದು. ಗಂಡಕೀನದಿಯಿಂದ ಬರುವ ಈ ಕರಿಯ ಶಿಲೆಯೊಳಗಿನ ಚಕ್ರವು, ಹಿಮಾಲಯವು ಏಳುವುದಕ್ಕೆ ಮೊದಲು ಅಲ್ಲಿದ್ದ ಟೆಥಿಸ್ ಎಂಬ ಕಡಲಿನಲ್ಲಿ ಸುಮಾರು ೧೫ ಕೋಟಿ ವರ್ಷಗಳ ಹಿಂದೆ ಈಜಾಡುತ್ತಿದ್ದ ಅಮೊನೈಟ್ ಎಂಬ ಪ್ರಾಣಿಯ ಚಿಪ್ಪಿನ ಅಚ್ಚು. ಇದನ್ನು ಹೇಳುವುದರಿಂದ ಪೂಜೆಗೆ ಕುಂದೇನೂ ಬರುವುದಿಲ್ಲವೆಂಬುದು ನಮ್ಮ ಮತ. ಅಭಿಷೇಕ ಮಾಡುವಾಗ ೧೫ ಕೋಟಿ ವರ್ಷಗಳನ್ನು ನೆನೆದರೆ ಭಕ್ತಿಯು ಒಂದು ಗುಲಗಂಜಿಯಷ್ಟಾದರೂ ಹೆಚ್ಚುವುದೇ ಹೊರತು ಕಡಮೆಯಾಗದು. ಆ ಕಾಲಕ್ಕೆ ಕಡಲಸೌತೆಗಳ ಸಂತತಿಯು ಆಗಲೇ ಬಹು ಹಳೆಯದಾಗಿದ್ದು, ಲೋಕದ ಕಡಲುಗಳಲ್ಲಿ ಹರಡಿದ್ದಿತು. ಒಂದಕ್ಕೆ ಚಿಪ್ಪಿತ್ತು, ಅದು ದೇವರಾಯಿತು. ಇನ್ನೊಂದಕ್ಕೆ ಇರಲಿಲ್ಲ, ಅದನ್ನು ಕೇಳುವವರಿಲ್ಲ.

ಹಾಗಾದರೆ ಈ ಧೂಳನ್ನು ಕಲ್ಲಿನಿಂದ ಹೆಕ್ಕುವ ಬಗೆ ಯಾವುದೆಂದರೆ, ಅದು ನಮ್ಮ ಹೆಂಗಸರು ಅಕ್ಕಿ ಆರಿಸುವ ಬಗೆಯೇ. ಹಳೆಯ ಕಡಲಿನ ಜೇಡಿಪದರವನ್ನು ನೀರಿನಲ್ಲಿ ನೆನೆಹಾಕಿ, ಕದಡಿ, ಅತಿ ನಯವಾದ ಜರಡಿಗಳಲ್ಲಿ ತೊಳೆದು, ಉಳಿದುದನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರಡಿ, ತೇವಮಾಡಿದ ಕುಂಚದ ತುದಿಯಿಂದ ಒಂದೊಂದೇ ಕಣವನ್ನು ಎತ್ತಿಡಬೇಕು. ನಮ್ಮ ದೇಶದಲ್ಲಿ ಕಚ್ಛದ ಮತ್ತು ಜೈಸಲ್ಮೇರದ ಜುರಾಸಿಕ್ ಕಾಲದ ಶಿಲೆಗಳಲ್ಲಿ ಇಂತಹ ಅಸ್ಥಿಕಣಗಳನ್ನು ವಿದ್ವಾಂಸರು ಹೆಕ್ಕಿ ವರ್ಣಿಸಿರುವರು. ಈಗ ಒಂಟೆಗಳು ನಡೆಯುವ ಮರಳುಗಾಡಿನಲ್ಲಿ ಕಡಲಸೌತೆಗಳು ಕೆಸರು ನುಂಗುತ್ತಿದ್ದುವು ಎಂಬುದಕ್ಕೆ ಸಾಕ್ಷಿ ಚಿಟಿಕೆಯಷ್ಟು ಧೂಳು!

ಆದರೆ ಇಲ್ಲೊಂದು ತೊಡಕುಂಟು. ಒಂದೇ ಪ್ರಾಣಿಯ ಮೈಯಲ್ಲಿ ಮೂರು ನಾಲ್ಕು ಬಗೆಯ ಕಣಗಳಿರುವುವು. ಬೇರೆ ಬೇರೆ ಪ್ರಾಣಿಗಳಲ್ಲಿ ಒಂದೇ ಬಗೆಯ ಕಣವೂ ಇರುವುದು. ಚೆದರಿದ ಮೇಲೆ ಯಾವುದು ಯಾವುದರೊಡನೆ ಇದ್ದಿತೆಂದು ಹೇಳುವುದೆಂತು? ನಿರ್ವಾಹವಿಲ್ಲದೆ ಶಾಸ್ತ್ರಜ್ಞರು ಕಣಗಳಿಗೇ ಪ್ರಾಣಿಗಳಂತೆ ಹೆಸರಿಟ್ಟಿರುವರು. ಅಮೆರಿಕದ ಫ್ರಿಜೆಲ್ ಮತ್ತು ಎಕ್ಸ್‌ಲೈನ್ ಎಂಬುವರು ೧೯೫೫ರಲ್ಲಿ ಇಂತಹ ಹೆಸರುಗಳನ್ನೆಲ್ಲ ಕಲೆಹಾಕಿ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಒಬ್ಬ ಗೃಹಿಣಿಯ ಬಳೆಗೆ ಒಂದು ಹೆಸರು, ಮೂಗುಬೊಟ್ಟಿಗೆ ಒಂದು, ಕಾಲುಂಗುರಕ್ಕೆ ಒಂದು ಹೆಸರು ಕೊಟ್ಟು, ಮೂವರು ಹೆಂಗಸರಿದ್ದರೆಂದು ಜನಗಣತಿಯಲ್ಲಿ ಬರೆದಂತೆ! ಅವಯವಗಳ ಪಟ್ಟಿಯುಂಟು, ಅವಯವಿಯ ಪತ್ತೆಯಿಲ್ಲ. ನಗೆ ಬರುವ ಮಾತಾದರೂ ಈ ಪಟ್ಟಿಯು ನಿರುಪಯೋಗಿಯಲ್ಲ. ಗಾಲಿಯಾಕಾರದ ಥೀಲಿಯಾ ಎಂಬ ಕಣಗಳು ಟ್ರಯಾಸಿಕ್ ಕಾಲದ ಪದರಗಳಲ್ಲಿ ಹೇರಳವಾಗಿರುವುದರಿಂದ, ಪದರದ ವಯಸ್ಸನ್ನು ಗೊತ್ತುಮಾಡುವುದಕ್ಕೂ ಅವು ನೆರವಾಗುವುವು. ೨೫ ಕೋಟಿ ವರ್ಷಗಳ ಹಿಂದೆ ಕಡಲಿನ ಜಾತಿಗಳಲ್ಲಿ ಬಹುಪಾಲು ಅಳಿದುಹೋದ ಮಹಾಪ್ರಳಯವೊಂದು ಆಯಿತಷ್ಟೆ. ಆ ಪ್ರಳಯವನ್ನು ಈ ವಂಶವು ದಾಟಿಬಂದಿತೆಂದು ಹೇಳುವುದೂ ಈ ಗಾಲಿಗಳೇ.

ಕೆಲವೊಮ್ಮೆ, ಬಹು ಅಪರೂಪವಾಗಿ, ಅವಯವಿಯೇ ಕೈಗೆ ಸಿಕ್ಕುವುದುಂಟು. ೧೮೮೧ರಲ್ಲಿ ಎಥೆರಿಜ್ ಎಂಬಾತನು ಸ್ಕಾಟ್ಲೆಂಡಿನ ಶಿಲೆಯ ಕೊಕ್ಕೆಯಾಕಾರದ ಕಣಗಳಿಗೆ ಅಕಿಸ್ಟ್ರಮ್ ಎಂದು ಹೆಸರಿಟ್ಟನು. ಬಹುಕಾಲದ ಮೇಲೆ ಅಮೆರಿಕದ ಇಲಿನಾಯ್ ಸೀಮೆಯ ಮೇಜನ್ ಕ್ರೀಕ್ ಎಂಬಲ್ಲಿ, ಸುಮಾರು ೩೦ ಕೋಟಿ ವರ್ಷಗಳ ಹಿಂದಿನ ಕಬ್ಬಿಣದ ಅಂಶವುಳ್ಳ ಕಲ್ಲುಂಡೆಗಳನ್ನು ಒಡೆದಾಗ, ಅಂತಹ ಕೊಕ್ಕೆಗಳನ್ನು ಮೈಯೊಳಗಿಟ್ಟುಕೊಂಡ ಇಡಿಯ ಕಡಲಸೌತೆಗಳೇ ಅಚ್ಚೊತ್ತಿದಂತೆ ದೊರೆತುವು. ಜರ್ಮನಿಯ ಹುನ್ಸ್‌ರುಕ್ ಎಂಬಲ್ಲಿ ಮನೆಗೆ ಹೊದಿಸುವ ಕರಿಯ ಹಲಗೆಕಲ್ಲನ್ನು ತೆಗೆಯುವ ಗಣಿಗಳಿದ್ದುವು. ಆ ಕಲ್ಲಿನಲ್ಲಿ ಸುಮಾರು ೪೦ ಕೋಟಿ ವರ್ಷಗಳ ಹಿಂದಿನ ಜೀವಿಗಳ ಮೃದುವಾದ ಅಂಗಗಳಿಗೂ ಹೊಂಬಣ್ಣದ ಗಂಧಕಲೋಹವು ಕವಿದುಕೊಂಡಿರುವುದು. ಲೆಹ್ಮನ್ ಎಂಬ ವಿದ್ವಾಂಸನು ಕಲ್ಲನ್ನು ಒಡೆಯದೆಯೇ ಕ್ಷ-ಕಿರಣಗಳಿಂದ ಅದರ ಒಳಗನ್ನು ನೋಡುವ ಬಗೆಯನ್ನು ಬಳಸಿ, ೧೯೫೮ರಲ್ಲಿ ಅಲ್ಲಿಯ ಒಂದು ಪ್ರಾಚೀನ ಕಡಲಸೌತೆಯನ್ನು ಲೋಕಕ್ಕೆ ತಿಳಿಸಿದನು. ವೈದ್ಯರು ಎದೆಗೂಡನ್ನು ನೋಡುವ ಬೆಳಕಿನಲ್ಲಿ ೪೦ ಕೋಟಿ ವರ್ಷಗಳ ಹಿಂದಿನ ಕೆಸರುಬಾಕ ಪ್ರಾಣಿಯ ಮೀಸೆಯು ಕಂಡಿತೆಂದರೆ ಸೋಜಿಗವಲ್ಲವೇ?

ಮೆತ್ತನೆಯ ಮೈಯ ಸಾಕ್ಷ್ಯವು ಎಂತಹ ಘನವಿದ್ವಾಂಸನನ್ನೂ ಆಟವಾಡಿಸಬಲ್ಲುದು. ವಾಲ್ಕಾಟ್ ಎಂಬಾತನು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಾಧಿಕಾರಿಯಾಗಿದ್ದವನು. ೧೯೦೯ರಲ್ಲಿ ಕೆನಡಾದ ಪರ್ವತಗಳಲ್ಲಿ, ಸುಮಾರು ೫೦ ಕೋಟಿ ವರ್ಷಗಳ ಹಿಂದಿನ ಮೃದುಜೀವಿಗಳ ಅಚ್ಚುಗಳು ತುಂಬಿದ ಶಿಲೆಯನ್ನು ಕಂಡುಹಿಡಿದನು. ೧೯೧೧ರಲ್ಲಿ ಅವುಗಳಲ್ಲಿ ಹಲವನ್ನು ಕಡಲಸೌತೆಗಳೆಂದು ಸಾರಿದನು. ಲಗ್ಗಾನಿಯಾ ಎಂಬುದು ಅವುಗಳಲ್ಲೊಂದು. ಅದೇ ಶಿಲೆಯ ಪೇಟೋಯಿಯಾ ಎಂಬ ದುಂಡನೆಯ ಅಚ್ಚನ್ನು ಲೋಳೆಮೀನೆಂದನು. ೧೯೭೮ರಲ್ಲಿ ಕಾನ್ವೇ ಮಾರಿಸ್ ಎಂಬ ಆಂಗ್ಲ ವಿದ್ವಾಂಸನು, ಲಗ್ಗಾನಿಯಾ ಕಡಲಸೌತೆಯಲ್ಲ, ಸ್ಪಂಜು. ಅದರ ಮೇಲೊಂದು ಲೋಳೆಮೀನು ಕುಳಿತಿದೆ ಎಂದನು. ೧೯೮೫ರಲ್ಲಿ ವಿಟಿಂಗ್ಟನ್ ಮತ್ತು ಬ್ರಿಗ್ಸ್ ಇಬ್ಬರೂ ಕೂಡಿ, ಸೌತೆಯೂ ಅಲ್ಲ, ಸ್ಪಂಜೂ ಅಲ್ಲ, ಲೋಳೆಮೀನೂ ಅಲ್ಲ. ಲಗ್ಗಾನಿಯಾ ಎಂಬುದು ಬೇಟೆಯಾಡುವ ದೊಡ್ಡದೊಂದು ಪ್ರಾಣಿಯ ಒಡಲು, ಪೇಟೋಯಿಯಾ ಅದರ ಬಾಯಿ ಎಂದು ತೋರಿಸಿದರು. ಕುರುಡರು ಆನೆಯನ್ನು ಮುಟ್ಟಿನೋಡಿದ ಅಂಧಗಜನ್ಯಾಯವನ್ನು ನಾವು ತರಗತಿಯಲ್ಲಿ ಹೇಳುತ್ತಿದ್ದೆವು. ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರಾವುದೂ ದೊರೆಯಲಾರದು. ಇದರಲ್ಲಿ ವಾಲ್ಕಾಟನನ್ನು ಹೀಗಳೆಯುವ ಉದ್ದೇಶ ನಮಗಿಲ್ಲ. ಆತನು ಆ ಹಲಗೆಗಳನ್ನು ಜೋಪಾನವಾಗಿ ಇಟ್ಟುದರಿಂದಲೇ ಮುಂದಿನವರು ಅವನನ್ನು ತಿದ್ದಬಲ್ಲವರಾದರು.

ಎಲ್ಲ ಸಾಕ್ಷ್ಯವನ್ನೂ ಹಾಗೆ ಇಡಲಾಗುವುದಿಲ್ಲ. ಇಂಗ್ಲೆಂಡಿನ ಹೆರೆಫರ್ಡ್‌ಷೈರಿನಲ್ಲಿ ದೊರೆತ, ೪೩ ಕೋಟಿ ವರ್ಷಗಳ ಹಿಂದಿನ ಸೊಲ್ಲಾಸಿನ ಎಂಬ ಪುಟ್ಟ ಪ್ರಾಣಿಯ ವಿಚಾರವನ್ನು ೨೦೧೯ರಲ್ಲಿ ಪ್ರಕಟಿಸಿದರು. ಅದು ಕಡಲಸೌತೆಗಳಿಗೆ ಹತ್ತಿರದ ದಾಯಾದಿ. ಆದರೆ ಮೈಗೂ ಕಾಲುಗಳಿಗೂ ತಗಡುಗಳ ಕವಚವನ್ನು ತೊಟ್ಟದ್ದು. ಅಂದರೆ ಕಡಲಸೌತೆಯ ಪೂರ್ವಿಕರು ಗಟ್ಟಿಮೈಯವರಾಗಿದ್ದರು. ಸಂತತಿಯು ಕವಚವನ್ನು ಕಳಚುತ್ತ ಕಳಚುತ್ತ ಮೆತ್ತಗಾಯಿತು. ಗಟ್ಟಿಯಾದುದು ಬದುಕುವುದು, ಮೆದುವಾದುದು ಅಳಿಯುವುದು ಎಂದು ನಾವು ತಿಳಿದಿರುವುದುಂಟು. ಇಲ್ಲಿಯಾದರೋ ಕವಚಧಾರಿಯಾದ ದಾಯಾದಿಯ ವಂಶ ನಿರ್ನಾಮವಾಗಿದೆ, ತೊಗಲಿನ ಚೀಲದ ವಂಶದಲ್ಲಿ ಇಂದಿಗೂ ಸುಮಾರು ೧೭೦೦ ಜಾತಿಗಳು ಬದುಕಿವೆ. ಈ ಸೊಲ್ಲಾಸಿನವನ್ನು ನೋಡಿದ ಬಗೆ ಮಾತ್ರ ನಮ್ಮ ಮನಸ್ಸನ್ನು ಕಲಕಿತು. ಕಲ್ಲಿನೊಳಗೆ ಹುದುಗಿದ್ದ ಅದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ತೇಯುತ್ತ, ಒಂದೊಂದು ತೇಯ್ತಕ್ಕೂ ಒಂದೊಂದು ಛಾಯಾಚಿತ್ರವನ್ನು ತೆಗೆದು, ಚಿತ್ರಗಳನ್ನು ಗಣಕಯಂತ್ರದಲ್ಲಿ ಜೋಡಿಸಿ ರೂಪವನ್ನು ಕಟ್ಟಿದರು. ಕೆಲಸ ಮುಗಿದಾಗ ರೂಪವು ಸಿದ್ಧವಾಯಿತು. ವಸ್ತುವು ಗಂಧದ ಕೊರಡಿನಂತೆ ಸವೆದುಹೋಯಿತು.

ಈಗ ಬದುಕಿರುವವುಗಳಿಗೂ ನೆಮ್ಮದಿಯಿಲ್ಲ. ಚೀನಾ ಮೊದಲಾದ ದೇಶಗಳಲ್ಲಿ ಒಣಗಿಸಿದ ಕಡಲಸೌತೆಗೆ ಭಾರಿ ಬೆಲೆಯಿರುವುದರಿಂದ, ಮನ್ನಾರ್ ಕೊಲ್ಲಿಯಿಂದಲೂ ಲಕ್ಷದ್ವೀಪಗಳಿಂದಲೂ ಅವನ್ನು ಕದ್ದು ಸಾಗಿಸುವರು. ನಮ್ಮ ಸರ್ಕಾರವು ೨೦೦೧ರಲ್ಲಿ ಎಲ್ಲ ಕಡಲಸೌತೆಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿ, ಹುಲಿಗೆ ಕೊಟ್ಟ ರಕ್ಷಣೆಯನ್ನೇ ಈ ಕೆಸರುಬಾಕನಿಗೂ ಕೊಟ್ಟಿತು. ೨೦೨೦ರಲ್ಲಿ ಲಕ್ಷದ್ವೀಪದ ಚೆರಿಯಪಾಣಿಯಲ್ಲಿ ಇವುಗಳಿಗೆಂದೇ ಒಂದು ರಕ್ಷಿತ ಕಡಲಪ್ರದೇಶವನ್ನು ಗೊತ್ತುಮಾಡಿತು. ಬೇಯಿಸಿ ಒಣಗಿಸಿದ ಮೇಲೆ ಕಡಲಸೌತೆಯು ಸುಟ್ಟ ಬದನೆಕಾಯಿಯಂತೆ ಮುರುಟಿ, ಯಾವ ಜಾತಿಯದೆಂದು ಹೊರಗಿನಿಂದ ತಿಳಿಯುವುದು ಕಷ್ಟ. ಆಗ ಅದರ ತೊಗಲಿನ ಚೂರನ್ನು ಕರಗಿಸಿ ಅಸ್ಥಿಕಣಗಳನ್ನು ನೋಡಿ ಗುರುತುಹಿಡಿಯುವುದುಂಟು. ಧೂಳು ಇಲ್ಲಿಯೂ ಸಾಕ್ಷಿ ಹೇಳುವುದು.

ಧೂಳಿನ ಸಾಕ್ಷ್ಯವನ್ನು ಎಲ್ಲ ಕಚೇರಿಗಳೂ ಒಪ್ಪುವುವೆಂದು ವಾಚಕರು ತಿಳಿಯಬಾರದು. ೧೯೬೪ರಲ್ಲಿ ನಮ್ಮ ಕಾರ್ಗಲ್ಲಿನ ಸಮೀಪ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಶರಾವತಿಯ ಕಣಿವೆಯು ತುಂಬಿತು. ಅದಕ್ಕೆ ಮೊದಲು ಕಟ್ಟಿದ್ದ ಹಿರೇಭಾಸ್ಕರದ ಅಣೆಕಟ್ಟೂ ಆ ನೀರಿನಲ್ಲಿ ಮುಳುಗಿತು. ಬೇಸಗೆಯಲ್ಲಿ ನೀರು ತೀರ ಇಳಿದ ವರ್ಷ ಅದು ಈಗಲೂ ತಲೆಯೆತ್ತುವುದು, ಜನರು ನೋಡಲು ಹೋಗುವರು. ಅದು ಗಾರೆಗಲ್ಲಿನದು. ಅದರ ಸುತ್ತಲಿದ್ದ ಊರುಗಳ ಮಣ್ಣುಗೋಡೆಗಳು ಎಂದೋ ಕರಗಿದುವು. ನಮ್ಮ ಹಿರಿಯರ ಮನೆಯಿದ್ದುದು ಅಂತಹ ಊರೊಂದರಲ್ಲಿ. ನಮ್ಮ ತಂದೆಯವರು ಸಾಲಿಗ್ರಾಮದ ಪೆಟ್ಟಿಗೆಯನ್ನೂ ಒರಳುಕಲ್ಲನ್ನೂ ಭೂಮಿಯ ಕಾಗದಪತ್ರಗಳನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದರು. ಕಾಗದವಿದ್ದುದರಿಂದ ಪರಿಹಾರವೂ ಬಂದಿತು. ನಮ್ಮ ಗದ್ದೆಯನ್ನು ಮೂರು ತಲೆಮಾರು ಉತ್ತಿದ್ದ ಒಕ್ಕಲಿನವರ ಬಳಿ ಬಾಯಿಮಾತಿನ ಗೇಣಿಯ ಹೊರತು ಬೇರೇನೂ ಇರಲಿಲ್ಲ. ಅವರು ಕಾಡಿನಂಚಿನಲ್ಲಿ ಗುಡಿಸಲು ಹಾಕಿಕೊಂಡು ನೆಲವನ್ನು ಸಾಗುವಳಿಗೆ ತಂದರು; ಆ ನೆಲದ ಹಕ್ಕುಪತ್ರವು ಅರುವತ್ತು ವರ್ಷಗಳಾದರೂ ಬಂದಿಲ್ಲ.

ಆ ಮನೆಯ ಮೊಮ್ಮಗನು ಹೋದ ವರ್ಷ ನಮ್ಮಲ್ಲಿಗೆ ಬಂದನು. ಅಜ್ಜನು ಮುಳುಗಡೆಯ ಊರಿನಲ್ಲಿ ವಾಸವಾಗಿದ್ದುದಕ್ಕೆ ದಾಖಲೆ ಬೇಕು, ಇಲ್ಲದಿದ್ದರೆ ಇರಲಿಲ್ಲವೆಂದೇ ಬರೆಯುತ್ತೇವೆ ಎಂದು ಒಂದು ಕಚೇರಿಯಲ್ಲಿ ಹೇಳಿದರಂತೆ. "ಮೇಷ್ಟ್ರೇ, ಇದ್ದದ್ದು ನಿಮಗೂ ಗೊತ್ತು, ನಮಗೂ ಗೊತ್ತು. ಕಾಗದಕ್ಕೆ ಗೊತ್ತಿಲ್ಲ, ಏನು ಮಾಡೋದು?" ಎಂದನು. ಹಳೆಯ ಶಾಲೆಗಳ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ಊರಿಗೊಂದು ಕಲಮು ಇರುವುದೆಂಬುದು ಮೇಷ್ಟರಾಗಿದ್ದವರಿಗಲ್ಲದೆ ಬೇರೆಯವರಿಗೆ ಬೇಗನೆ ಹೊಳೆಯಲಾರದು. ಅವನ ತಂದೆಯು ಮೊದಲು ಸೇರಿದ ಶಾಲೆಗೆ ಅವನೊಡನೆ ನಾವೂ ಹೋದೆವು. ಗೆದ್ದಲು ಅಂಚನ್ನು ತಿಂದಿದ್ದ ೧೯೬೬ರ ಪುಸ್ತಕದಲ್ಲಿ, ಒಂದು ಗಂಟೆ ಹುಡುಕಿದ ಮೇಲೆ, ಒಂದು ಸಾಲು ಸಿಕ್ಕಿತು: ಹುಡುಗನ ಹೆಸರು, ತಂದೆಯ ಹೆಸರು, ಉದ್ಯೋಗ ಬೇಸಾಯ, ಹುಟ್ಟಿದ ಊರು. ಆ ಸಾಲನ್ನು ಕಂಡಾಗ ಆ ಯುವಕನು ಪುಸ್ತಕವನ್ನು ಮುಟ್ಟಲಿಲ್ಲ; ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದನು.

ಮುಖ್ಯೋಪಾಧ್ಯಾಯರು ನಕಲಿಗೆ ಸಹಿಮಾಡಿ ಮೊಹರು ಒತ್ತಿ ಕೊಟ್ಟರು. ಕಚೇರಿಯವರು ಅದನ್ನು ತೆಗೆದುಕೊಂಡು ಎರಡು ತಿಂಗಳ ಮೇಲೆ ಹಿಂದಿರುಗಿಸಿದರು. ಮುಳುಗಡೆಯ ಊರುಗಳ ಪಟ್ಟಿಯಲ್ಲಿ ಆ ಊರ ಹೆಸರಿನಲ್ಲಿ ಳಕಾರವಿದೆ. ಶಾಲೆಯ ಪುಸ್ತಕದಲ್ಲಿ ಲಕಾರವಿದೆ. ಎರಡೂ ಒಂದೇ ಊರೆಂಬುದಕ್ಕೆ ಆಧಾರವೇನು ಎಂಬುದು ಅವರ ಆಕ್ಷೇಪಣೆ. ಈ ಪ್ರಶ್ನೆಯು ನಮ್ಮ ಕಸುಬಿಗೆ ಸೇರಿದುದು. ಲಳಗಳಿಗೆ ಅಭೇದವನ್ನು ವೈಯಾಕರಣರು ಹಿಂದಿನಿಂದಲೂ ಹೇಳಿರುವರು. ಬರೆಯುವವರ ಬಳಕೆಯಲ್ಲಿ ಇವೆರಡೂ ಒಂದರ ಜಾಗದಲ್ಲಿ ಇನ್ನೊಂದು ಬರುವುದು ದಿನವೂ ನಾವು ಕಾಣುವ ವಿಷಯ. ಇದನ್ನೆಲ್ಲ ವಿವರಿಸಿ, ಅದೇ ಪುಟದಲ್ಲಿ ಅದೇ ಊರಿನಿಂದ ಬಂದ ಬೇರೆ ನಾಲ್ವರು ಹುಡುಗರ ಹೆಸರುಗಳನ್ನೂ ತೋರಿಸಿ, ಎರಡು ಹಾಳೆಯ ಪತ್ರವನ್ನು ಬರೆದುಕೊಟ್ಟಿರುವೆವು. ಆ ನಾಲ್ವರಲ್ಲಿ ಇಬ್ಬರ ಮನೆಯವರು ತಮಗೂ ಒಂದು ನಕಲು ಬೇಕೆಂದು ಕೇಳಿದ್ದಾರೆ. ಗೆದ್ದಲು ಇನ್ನೂ ಒಳಕ್ಕೆ ಹೋಗದಂತೆ ಪುಸ್ತಕಕ್ಕೆ ಬೇವಿನೆಲೆಯಿಟ್ಟು, ಆ ಪುಟವನ್ನು ನಾವೇ ಕೈಬರಹದಲ್ಲಿ ಮೂರು ಪ್ರತಿಗಳಾಗಿ ಎತ್ತಿ ಬರೆದಿಟ್ಟಿದ್ದೇವೆ. ಪತ್ರಕ್ಕೆ ಉತ್ತರವು ಇನ್ನೂ ಬಂದಿಲ್ಲ.